ನೀಲಿ ಬಾನಿಯ ಹೆಪ್ಪು

ಪುಣೆ, 14-6-1975

ಪ್ರೀತಿಯ ಗುರುಲಿಂಗಿ,

ಹುನಗುಂದದ ಸಾಲಿಯಲ್ಲಿ ಏಳು ವರ್ಷ ನಿನ್ನ ಪಕ್ಕ ಕೂತು, ನಿನ್ನ ವಿಜ್ಞಾನದ ವಹಿ ನೋಡಿ ಬರೆದುಕೊಂಡ ಇಂದ್ರಿ ಇವತ್ತು ಪುಣೆಯ ಪ್ರಯೋಗಶಾಲೆಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಾಳೆ. ನಗಬೇಡ. ಡಾಕ್ಟರೇಟಿಗೆ ಸೀಟು ಸಿಕ್ಕಿದೆ. ಕೆರೂರಿನಲ್ಲಿ ಅಪ್ಪ, “ಇನ್ನ ಎಷ್ಟ ಓದ್ತಿಯವ್ವಾ, ಪುಸ್ತಕದ ಹುಳಾನೂ ಒಮ್ಮೆ ಹೊಟ್ಟಿ ತುಂಬ್ತು ಅಂತೈತಿ” ಎಂದು ಗೊಣಗುತ್ತಲೇ ಬಸ್ಸು ಹತ್ತಿಸಿದರು.

ನಮ್ಮ ಗೈಡ್ ಸರ್ ಕೆಲಸ ಮಾಡುವುದು ಗಿಡಗಳು ತಮ್ಮೊಳಗೆ ತಾವೇ ಮಾಡಿಕೊಳ್ಳುವ ರಾಸಾಯನಿಕಗಳ ಮೇಲೆ. ಬೇರಿನ ಕಹಿ, ಹೂವಿನ ಬಣ್ಣ, ಬೀಜದ ವಿಷ, ಇಂಥವು. “ನಿಮ್ಮ ಕಡೆಯದು ಏನಾದರೂ ಇದೆಯೇ, ಯಾರೂ ಇನ್ನೂ ಕೈ ಹಚ್ಚದ್ದು?” ಎಂದು ಕೇಳಿದರು. ನನಗೆ ತಟ್ಟನೆ ನೆನಪಾದದ್ದು ನಿನ್ನ ಗಂಡನ ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಹೂತಿಟ್ಟ ಬಣ್ಣದ ಬಾನಿ. ನಿನ್ನ ಮದುವೆಗೆ ಬಂದಾಗ ನಿಮ್ಮತ್ತೆ ಅದರೊಳಗೆ ಬೀಳು ಹೊಲದ ತಗಚಿ ಗಿಡದ ಬೀಜ ಬೇಯಿಸಿ ಸುರಿಯುವುದನ್ನು ನೋಡಿದ್ದೆ. ಬಿಳಿ ನೂಲು ಮುಳುಗಿ ಹಸಿರಾಗಿ ಎದ್ದು, ಗಾಳಿಗೆ ಹಿಡಿದ ಮೇಲೆ ನೀಲಿಯಾಯಿತು.

ನೀಲಿ ಸುಮ್ಮನೆ ನೀರಿನಲ್ಲಿ ಕರಗುವುದಿಲ್ಲ. ಅದರ ಬಿಗಿ ಸಡಿಲಿಸಿದರೆ ಮಾತ್ರ ಕರಗಿ ನೂಲಿಗೆ ಹತ್ತುತ್ತದೆ. ಕಾರ್ಖಾನೆಯವರು ಅದಕ್ಕೆ ಹೈಡ್ರೋಸ್ ಪುಡಿ ಹಾಕುತ್ತಾರೆ. ನೀವು ಹಾಕುವುದಿಲ್ಲ. ಹಾಗಾದರೆ ಸಡಿಲಿಸುವವರು ಯಾರು? ತಗಚಿ ಬೀಜವೇ ಇರಬೇಕು. ಇದು ಖರೆ ಆದರೆ ನನ್ನ ಡಾಕ್ಟರೇಟ್ ಆಯಿತು ಅಂತಲೇ ತಿಳಿ.

ಬಾನಿಗೆ ಏನೇನು ಹಾಕುತ್ತೀರಿ, ಒಂದೂ ಬಿಡದೆ ಬರೆ. ಒಂದು ಬಾಟಲಿ ಬಾನಿ ನೀರನ್ನೂ ಕಳಿಸು.

ನಿನ್ನ ಇಂದ್ರಿ

ಇಳಕಲ್ಲ, 2-7-1975

ಇಂದ್ರಿ, ಶರಣು.

ನಿನ್ನ ಪತ್ರ ಮನ್ಯಾಗ ಎಲ್ಲಾರ ಮುಂದ ಎರಡು ಸಲ ಓದಿದೆ. ನಮ್ಮನಿಯವರು, “ನಿನ್ನ ಗೆಳತಿ ಪುಣೇತನಕ ಹೋಗಿ ಕಡೀಕ ನಮ್ಮ ಬಾನಿ ನೀರಿಗೇ ಕೈ ಚಾಚಿದಳಲ್ಲ” ಅಂತ ನಕ್ಕರು. ನನಗ ನಗು ಬರಲಿಲ್ಲ. ವಿಜ್ಞಾನದಾಗ ನಿನಗಿಂತ ಹೆಚ್ಚು ಮಾರ್ಕ್ಸ ನಂದಿದ್ದುವು. ಹೊಟ್ಟಿಕಿಚ್ಚು ಅಂತ ತಿಳಕೋಬ್ಯಾಡ. ಆತು, ಸ್ವಲ್ಪ ಹೊಟ್ಟಿಕಿಚ್ಚೂ ಐತಿ.

ನಮ್ಮತ್ತಿ ಸಿದ್ದಲಿಂಗವ್ವ ಮೊದಲು ಒಪ್ಪಲಿಲ್ಲ. “ಬಾನಿ ಅಂದ್ರ ಬಾಣಂತಿ ಇದ್ದಂಗ, ಮಂದಿ ಕಣ್ಣು ಬೀಳಬಾರದು” ಅಂದರು. ನಾ ಎರಡು ದಿನ ಮಾರಿ ಗಂಟು ಹಾಕ್ಕೊಂಡು ಕುಂತ ಮ್ಯಾಲ, “ಹೇಳೂದು ಹೇಳು, ಹೇಳಬಾರದ್ದು ಹೇಳಬ್ಯಾಡ” ಅಂತ ಬಿಟ್ಟರು.

ಬರಕೋ. ಗಿಡದ ನೀಲಿ ಹೆಂಟಿ, ಆಂಧ್ರದ ಕಡೆಯಿಂದ ಬರತೈತಿ, ನೆನಿ ಹಾಕಿ ಅರಿಯೂದು. ಸುಣ್ಣದ ತಿಳಿನೀರು. ಬಾಳಿದಿಂಡಿನ ಬೂದಿ. ತಗಚಿ ಬೀಜ, ಮೆತ್ತಗ ಬೇಯಿಸಿ ಗಂಜಿ ಸಮೇತ. ಒಂದು ಹಿಡಿ ಬೆಲ್ಲ. ಬಾಯಿ ಮುಚ್ಚಿ, ದಿನಕ್ಕೆರಡು ಸಲ ಕೋಲಿಲೆ ತಿರುವೂದು. ಮೂರು ನಾಲ್ಕು ದಿನಕ್ಕ ಮ್ಯಾಲ ತಾಮ್ರದ ಬಣ್ಣದ ಕೆನಿ ಕಟ್ಟಿ, ಕೆಳಗ ನೀರು ಹಳದಿ ಹಸಿರು ಆತಂದ್ರ ಬಾನಿ ಎದ್ದಂಗ. ನಾಲಿಗಿಗೆ ಹಚ್ಚಿದ್ರ ಸ್ವಲ್ಪ ಕಚ್ಚಬೇಕು. ಇಷ್ಟ. ಇನ್ನೇನಿಲ್ಲ. ಬಾಟಲಿ ನೀರು ಬ್ಯಾರೆ ಕಳಿಸೇನಿ.

ಹೈಡ್ರೋಸ್ ನಮ್ಮ ಹೊಸ್ತಿಲಾ ದಾಟಿಲ್ಲ, ದಾಟೂದೂ ಇಲ್ಲ. ಓಣ್ಯಾಗ ಒಬ್ಬೊಬ್ಬರ ಅದಕ್ಕ ಬಿದ್ದಾರಂತ ಸುದ್ದಿ ಐತಿ. ನೇಕಾರರು ಮಾತ್ರ ಸೀರಿಯ ನೂಲು ಹಿಡಕೊಂಡು “ಸಿದ್ದಲಿಂಗವ್ವನ ಬಾನಿ ಎಲ್ಲೈತಿ” ಅಂತ ಹುಡುಕ್ಕೊಂಡು ಬರ್ತಾರ. ನಮ್ಮ ಮನಿ ನಿಂತದ್ದು ಆ ಹೆಸರಿನ ಮ್ಯಾಲ. ಅದನ್ನ ನಿನ್ನ ಕೈಯಾಗ ಕೊಡಾಕತ್ತೇನಿ, ಜ್ವಾಕಿ.

ಗುರುಲಿಂಗಿ

ಪುಣೆ, 18-2-1976

ಗುರುಲಿಂಗಿ,

ನಿನ್ನ ಬೀಜದಿಂದ ಚಿನ್ನದ ಬಣ್ಣದ ಹರಳು ತೆಗೆದೆ ಕಣೇ! ಎರಡು ಸೇರು ಬೀಜಕ್ಕೆ ಉಗುರಿನ ಮೇಲೆ ಕೂರುವಷ್ಟು. ಹೆಸರು ಕ್ರೈಸೊಫೆನಾಲ್. ಅದರ ಜೊತೆ ಅದರ ಅಣ್ಣತಮ್ಮಂದಿರು ಎರಡು ಮೂರು ಬೇರೆ ಇದ್ದಾರೆ. ಹುಳ ಬೀಜ ತಿನ್ನದಿರಲಿ ಎಂದು ಗಿಡ ಇದನ್ನು ಮಾಡಿಕೊಳ್ಳುತ್ತದೆ ಎನ್ನುತ್ತಾರೆ ಸರ್. ಸುಣ್ಣದ ನೀರಿಗೆ ಬಿಟ್ಟರೆ ಕುಂಕುಮದಂತೆ ಕೆಂಪಾಗುತ್ತದೆ. ಮೊದಲ ಸಲ ಕಂಡಾಗ ನಾನು ಕುಣಿದದ್ದನ್ನು ಪಕ್ಕದ ಮೇಜಿನವರು ಇನ್ನೂ ಆಡಿಕೊಳ್ಳುತ್ತಾರೆ.

ಆದರೆ ನನ್ನ ಫ್ಲಾಸ್ಕಿನಲ್ಲಿ ನೀಲಿ ಏಳುತ್ತಲೇ ಇಲ್ಲ. ನೀನು ಬರೆದ ಹಾಗೆಯೇ ಸುಣ್ಣ, ಬೂದಿ, ಬೀಜ, ಬೆಲ್ಲ ಎಲ್ಲ ಹಾಕಿದೆ. ಹನ್ನೊಂದು ಸಲ. ನಾರುತ್ತದೆಯೇ ಹೊರತು ಹಸಿರಾಗುವುದಿಲ್ಲ. ಗುರುಲಿಂಗಿ, ಏನಾದರೂ ಬಿಟ್ಟು ಬರೆದೆಯಾ? ನೆನಪು ಮಾಡಿಕೋ.

ಇಂದ್ರಿ

ಇಳಕಲ್ಲ, 9-3-1976

ಇಂದ್ರಿ,

ಬಿಟ್ಟಿಲ್ಲ. ನಿಮ್ಮ ಪುಣೆ ನೀರು ಸಪ್ಪಗಿರಬೇಕು. ನಮ್ಮ ಬಾವಿ ನೀರು ಸವಳು, ಬಾನಿಗೆ ಅದ ಬೇಕು. ಇನ್ನೂ ಏಳು ಬಾಟಲಿ ಬಾನಿ ನೀರು ಕಳಿಸೇನಿ, ನೋಡು.

ನಿನ್ನ ಕುಣಿತದ ಸುದ್ದಿ ಹೇಳಿದ್ರ ನಮ್ಮತ್ತಿ, “ಹುಚ್ಚಿ, ಬಾನಿ ಮುಂದ ಕುಣೀಬಾರದು, ಕೈ ಮುಗೀಬೇಕು” ಅಂದರು.

ಗುರುಲಿಂಗಿ

ಪುಣೆ, 5-11-1977

ನನ್ನ ಗುರುಲಿಂಗಿ,

ಎದ್ದಿತು! ನಿನ್ನ ತಗಚಿ ಬೀಜ ನೀಲಿಯನ್ನು ಎಬ್ಬಿಸಿತು! ತಾಮ್ರದ ಕೆನೆ, ಹಸಿರು ನೀರು, ನೀನು ಬರೆದ ಹಾಗೆ ಎಲ್ಲ. ಅವತ್ತು ಬೆಂದ ಬೀಜ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡಿತ್ತು. ಕೈಗೆ ಸಿಕ್ಕ ನಿನ್ನ ಬಾಟಲಿಯಿಂದ ಎರಡು ಚಮಚ ನೀರು ಬಿಟ್ಟು ಕಲಸಿದೆ. ಮೂರನೆಯ ದಿನ ಎದ್ದಿತು. ಆಮೇಲೆ ಹಾಗೆಯೇ ಮಾಡುತ್ತ ಬಂದೆ, ಐದು ಸಲ ಎದ್ದಿತು.

ಪೇಪರ್ ಅಚ್ಚಾಗಿದೆ. ತಗಚಿ ಬೀಜದ ಹಳದಿ ಹರಳು ಒಂದೇ ಸಾಕು, ಬೇರೆ ಯಾವುದರ ಹಂಗೂ ಇಲ್ಲದೆ ನೀಲಿಯನ್ನು ಕರಗಿಸುತ್ತದೆ ಎಂದು ಬರೆದಿದ್ದೇನೆ. ಕೊನೆಯಲ್ಲಿ ನಿನ್ನ ಹೆಸರು ಹಾಕಿ ಕೃತಜ್ಞತೆ ಹೇಳಿದ್ದೇನೆ. ಸರ್, “ನಿನ್ನ ಡಾಕ್ಟರೇಟ್ ಇದರಲ್ಲೇ ಇದೆ” ಎಂದರು. ಒಂದು ಪ್ರತಿ ಇದರ ಜೊತೆ ಇದೆ.

ನಿನ್ನ ಇಂದ್ರಿ

ಇಳಕಲ್ಲ, 24-11-1977

ಇಂದ್ರಿ,

ಇಂಗ್ಲಿಷಿನ್ಯಾಗ ನನ್ನ ಹೆಸರು ನೋಡಿ ಭಾಳ ಖುಷಿ ಆತು. ನೇಕಾರರ ಸಂಘದ ಅಧ್ಯಕ್ಷ ಪಾಂಡಪ್ಪನವರಿಗೆ ತೋರಿಸಿದೆ. “ಗಿಡದ ನೀಲಿಯ ನೂಲಿಗೆ ಸರಕಾರದ ಪ್ರದರ್ಶನದಾಗ ಗಿರಾಕಿ ಬಂದಾರವಾ, ಇನ್ನ ಆ ನೂಲೆಲ್ಲ ನಿಮ್ಮ ಮನಿಗೇ” ಅಂದರು.

ಒಂದು ಮಾತು. ಎರಡು ಚಮಚ ನೀರು ಬಿಟ್ಟದ್ದು ಪೇಪರಿನ್ಯಾಗ ಬರದಿಯೇನು? ನಾ ಹುಡುಕಿದೆ, ನನ್ನ ಇಂಗ್ಲಿಷಿಗೆ ಸಿಗಲಿಲ್ಲ. ಸಾಲ್ಯಾಗ ವಿಜ್ಞಾನದ ರಾಚಯ್ಯ ಮಾಸ್ತರು ಪ್ರನಾಳದಾಗ ಬಿದ್ದದ್ದೆಲ್ಲ ಬರೀಬೇಕು ಅಂತಿದ್ದರು, ಅದಕ್ಕ ಕೇಳಿದೆ.

ಗುರುಲಿಂಗಿ

ಇಳಕಲ್ಲ, 12-6-1979

ಇಂದ್ರಿ,

ಒಂದೂವರಿ ವರ್ಷ ನಿನ್ನ ಪತ್ರಿಲ್ಲ. ದೊಡ್ಡಾಕಿ ಆದಿ, ಇರಲಿ. ಮೊನ್ನೆ ಕಾರ್ಡ್ ಹಾಕಿ ಹೊಸಾ ಬಾಟಲಿ ಕೇಳಿದಿ, ಅದರಾಗೂ ಎರಡ ಸಾಲು. ಕಳಿಸೇನಿ.

ನಮ್ಮತ್ತಿ ಹ್ವಾದರು. ಬಾಗಲಕೋಟಿ ದವಾಖಾನ್ಯಾಗ ಇಪ್ಪತ್ತೆರಡು ದಿನ ಅವರ ಕಾಲದೆಸಿ ಕುಂತಿದ್ದೆ. ಮನ್ಯಾಗ ಗಂಡಸರು, ಬಾನಿಗೆ ಬೆಲ್ಲ ಹಾಕೂದು, ತಿರುವೂದು ಯಾರಿಗೂ ನೆನಪಾಗಲಿಲ್ಲ. ತಿರುಗಿ ಬಂದು ಮುಚ್ಚಳಾ ತಗದ್ರ ಬಾನಿ ಸತ್ತಿತ್ತು. ಅತ್ತಿ ಸತ್ತದ್ದಕ್ಕ ಅಳಲಾರದಾಕಿ ಅದನ್ನ ನೋಡಿ ಅತ್ತೆ. ಈಗ ಮತ್ತ ಎದ್ದೈತಿ. ಹೆಂಗ ಅಂತ ಕೇಳಬ್ಯಾಡ.

ಗುರುಲಿಂಗಿ

ಪುಣೆ, 20-8-1979

ಶ್ರೀಮತಿ ಗುರುಲಿಂಗವ್ವ ಅವರಿಗೆ,

ಹೀಗೆ ಬರೆಯುವ ಹೊತ್ತು ಬರುತ್ತದೆ ಎಂದುಕೊಂಡಿರಲಿಲ್ಲ. ನನ್ನ ಪ್ರಬಂಧ ನೋಡಿದ ಪರೀಕ್ಷಕರು ತಮ್ಮ ಪ್ರಯೋಗಶಾಲೆಯಲ್ಲಿ ಬೀಜ ಹಾಕಿ ನೋಡಿದ್ದಾರೆ. ನೀಲಿ ಎದ್ದಿಲ್ಲ. ಐದು ಸಲ ಮಾಡಿದ್ದಾರೆ, ಐದು ಸಲವೂ ಇಲ್ಲ. ಕಾರಣ ಕೊಡಿ, ಇಲ್ಲದಿದ್ದರೆ ಪ್ರಬಂಧ ತಿರುಗಿ ಒಯ್ಯಿರಿ ಎಂದಿದ್ದಾರೆ.

ನೀವು ಜೂನಿನಲ್ಲಿ ಕಳಿಸಿದ ಬಾಟಲಿಗೆ ಆಮ್ಲ ಹಾಕಿದೆ. ಗೀರಿದ ಬೆಂಕಿಕಡ್ಡಿಯ ವಾಸನೆ ಮೂಗಿಗೆ ಬಡಿಯಿತು. ಅದು ಹೈಡ್ರೋಸ್ ಬಿಟ್ಟುಹೋಗುವ ಗುರುತು. ಸ್ವಲ್ಪವೇ ಇದೆ, ಆದರೆ ಇದೆ. ಹೊಸ್ತಿಲು ದಾಟಿಲ್ಲ ಎಂದು ಬರೆದವರು ನೀವು. ಆ ಮಾತಿನ ಮೇಲೆ ನಾನು ನಾಲ್ಕು ವರ್ಷ ಕಟ್ಟಿದೆ.

ಹಾಕಿದ್ದೀರೋ ಇಲ್ಲವೋ? ಹದಿನೈದು ದಿನದಲ್ಲಿ ಉತ್ತರ ಬೇಕು.

ಇಂದ್ರಾಬಾಯಿ

ಇಳಕಲ್ಲ, 1-9-1979

ಇಂದ್ರಿ,

ನನಗ “ರಿ” ಹಚ್ಚಿ ಬರದಿ. ಅಷ್ಟರಾಗ ನನಗ ತಿಳೀತು.

ನನ್ನ ಕೈಯಿಂದ ಹೈಡ್ರೋಸ್ ಹಾಕಿಲ್ಲ. ನಮ್ಮತ್ತಿ ಆಣಿ. ಅದು ಹೆಂಗ ಬಂತು ಅಂತ ನನಗ ಈಗ ಗೊತ್ತಾಗೇತಿ. ಹೇಳಾಕ ಬರೂದಿಲ್ಲ. ಹೇಳಿದ್ರ ಇನ್ನೊಂದು ಮನಿ ಬೀಳತೈತಿ. ನೀ ಇಲ್ಲಿಗೆ ಬಾ, ಬಾನಿ ಮುಂದ ಕುಂಡ್ರಿಸಿ ಹೇಳ್ತೇನಿ, ಕಾಗದದಾಗ ಬ್ಯಾಡ. ಅಲ್ಲೀತನಕ ನನ್ನ ನಂಬು. ಏಳು ವರ್ಷ ಒಂದ ಬೆಂಚಿನ್ಯಾಗ ಕುಂತೇವಿ.

ಗುರುಲಿಂಗಿ

ಇಳಕಲ್ಲ, 10-4-1980

ಇಂದ್ರಾಬಾಯಿ,

ನೀ ಬರಲಿಲ್ಲ. ಬರದಿಲ್ಲ. ನಿನ್ನ ಉತ್ತರ ಪಾಂಡಪ್ಪನವರ ಕೈಯಾಗ ಬಂತು, ಅಚ್ಚಾಗಿ.

ವಾರಪತ್ರಿಕಿಯಾಗ, ಕನ್ನಡದಾಗ, ಊರ ಮಂದೆಲ್ಲ ಓದೂ ಹಂಗ. “ಇಳಕಲ್ಲಿನ ಸಿದ್ದಲಿಂಗವ್ವನ ಬಾನಿ ಎಂದು ಹೆಸರಾದ ಮನೆಯಿಂದ ಬಂದ ಮಾದರಿಗಳೆಲ್ಲವೂ ಹೈಡ್ರೋಸ್ ಬೆರೆತವು. ಸಂಶೋಧಕರು ಇಂಥವರ ಮಾತಿಗೆ ಮರುಳಾಗಬಾರದು.” ಬಾಯಿಪಾಠ ಆಗೇತಿ ನನಗ. ಪಾಂಡಪ್ಪ ನಮ್ಮ ಪಡಸಾಲ್ಯಾಗ ನಿಂತು ಓದಿದರು. ಓದಿ, ಮಡಿಚಿ, “ಹಿಂಗಾದ ಮ್ಯಾಲ ನಾವರ ಏನು ಮಾಡೂಣವಾ” ಅಂದರು. ಸಂಘದ ನೂಲು ಹಸೀದು, ಒಣಗಿದ್ದು, ಎಲ್ಲಾ ಗಾಡಿಗೆ ಹೇರ್ಕೊಂಡು ಹ್ವಾದರು. ಬಾನ್ಯಾಗ ಮುಳುಗಿದ್ದ ಒಂದು ಲಡಿ ನೂಲು ಉಳೀತು. ಅದನ್ನ ನಾನ ಹಿಂಡಿ ತಂತಿ ಮ್ಯಾಲ ಹಾಕಿದೆ.

ಈಗ ನಮ್ಮನಿಯವರು ಬ್ಯಾರೇಯವರ ಮಗ್ಗಕ್ಕ ಕೂಲಿ ಹೋಗ್ತಾರ. ಬಾವಿಗೆ ಹೋದ್ರ ಹೆಣಮಕ್ಕಳು ಮಾತು ನಿಲ್ಲಸ್ತಾರ. “ಅತ್ತಿ ಇರೂತನಕ ಖರೆ ಇತ್ತು, ಸೊಸಿ ಬಂದು ಕೆಡಿಸಿದಳು” ಅಂತ ಕೇಳಿಸೂ ಹಂಗ ಅಂತಾರ. ನಮ್ಮತ್ತಿ ಹೆಸರು ಅವರು ಸತ್ತ ವರ್ಷ ತುಂಬೂದರಾಗ ಮಣ್ಣುಗೂಡಿಸಿದಿ. ಉಂಡ ಮನಿ ಗಳಾ ಹಿರಿಯೂದು ಅಂದ್ರ ಇದ.

ಒಂದ ಕೇಳ್ತೇನಿ. “ಎಲ್ಲವೂ” ಅಂತ ಬರದಿಯಲ್ಲ, ಎಲ್ಲಾ ಅಂದ್ರ ಎಷ್ಟು? ನಾ ಒಂಬತ್ತು ಬಾಟಲಿ ಕಳಿಸೇನಿ. ಒಂಬತ್ತರಾಗೂ ವಾಸನಿ ಬಂತೇನು?

ಗುರುಲಿಂಗವ್ವ

ಬಾಗಲಕೋಟೆ, 3-10-1982

ಗುರುಲಿಂಗಿ,

ಎರಡೂವರೆ ವರ್ಷ ನಿನ್ನ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಡಾಕ್ಟರೇಟ್ ಸಿಕ್ಕಿತು. ಇಲ್ಲಿಯ ಕಾಲೇಜಿನಲ್ಲಿ ಜೂನಿನಿಂದ ಪಾಠ ಮಾಡುತ್ತಿದ್ದೇನೆ. ಬಸ್ಸು ಹತ್ತಿದರೆ ನಿನ್ನ ಊರು ಮೂರು ತಾಸಿನ ದಾರಿ, ಆದರೂ ಬರಲು ಮೋರೆ ಇಲ್ಲ.

ಉತ್ತರ ಇದು: ಇಲ್ಲ. ಒಂಬತ್ತರಲ್ಲಿ ಎಂಟು ಬಾಟಲಿ ಶುದ್ಧವಾಗಿದ್ದವು. ಕೊನೆಯದರಲ್ಲಿ ಮಾತ್ರ ಇತ್ತು. ನನಗೆ ಅವತ್ತೇ ಗೊತ್ತಿತ್ತು. ಪರೀಕ್ಷಕರಿಗೆ ಕಾರಣ ಬೇಕಿತ್ತು, ನೀನು ಕಳಿಸಿದ ನೀರಿನಲ್ಲಿದ್ದ ಹೈಡ್ರೋಸೇ ನನ್ನ ಫ್ಲಾಸ್ಕಿನ ನೀಲಿಯನ್ನು ಎಬ್ಬಿಸಿತು ಎಂದು ಬರೆದುಕೊಟ್ಟೆ; ನನ್ನ ತಪ್ಪು ಎನ್ನುವುದಕ್ಕಿಂತ ನಿನ್ನ ಮೋಸ ಎನ್ನುವುದು ಸುಲಭವಾಯಿತು. “ಹೇಳಾಕ ಬರೂದಿಲ್ಲ” ಎಂದು ನೀನು ಬರೆದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಳು ಎಂದುಕೊಂಡು ಮನಸ್ಸು ಹಗುರ ಮಾಡಿಕೊಂಡೆ. ಬೀಜದ ಹರಳುಗಳ ಭಾಗವನ್ನಷ್ಟೇ ಉಳಿಸಿಕೊಂಡು ಪ್ರಬಂಧ ಪಾಸಾಯಿತು.

ಈಗ ಹೊರದೇಶದ ಒಂದು ಲೇಖನ ಓದಿದೆ. ನೀಲಿ ಬಾನಿಯನ್ನು ಎಬ್ಬಿಸುವುದು ಕಣ್ಣಿಗೆ ಕಾಣದ ಜೀವಿಗಳಂತೆ, ಮೊಸರಿನಲ್ಲಿ ಇರುವ ಹಾಗೆ. ಓದುತ್ತಿದ್ದಂತೆ ಆ ಎರಡು ಚಮಚ ನೀರು ಏನು ಮಾಡಿತ್ತು ಎಂದು ತಿಳಿಯಿತು. ನೀನು ಆಗಲೇ ಕೇಳಿದ್ದೆ. ನಾನು ಅದನ್ನು ಪೇಪರಿನಲ್ಲಿ ಬರೆದಿರಲಿಲ್ಲ. ಹೇಳು, ಹಳೆಯ ಬಾನಿಯಿಂದ ಹೊಸದಕ್ಕೆ ಏನಾದರೂ ಹಾಕುತ್ತೀರಾ, ಹೆಪ್ಪಿನ ಹಾಗೆ? ಹಾಕುವುದಾದರೆ ಒಂದು ಬಾಟಲಿ ಕಳಿಸು. ಸರಿಯಾಗಿ ಮಾಡಿ ತೋರಿಸಬೇಕೆಂಬ ಆಸೆ.

ಅಚ್ಚಾದ ಮಾತನ್ನು ಈಗ ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ಇದನ್ನು ಓದಿ ಸುಟ್ಟುಬಿಡು. ಮನಸ್ಸಿನಲ್ಲಿ ಕ್ಷಮಿಸು.

ಇಂದ್ರಿ

ಇಳಕಲ್ಲ, 26-1-1983

ಇಂದ್ರಾಬಾಯಿ,

ನಿನ್ನ ಪತ್ರ ಓದಿದ ದಿನ ಸಿಟ್ಟು ಬಂದು ರೊಟ್ಟಿ ಹಂಚು ಎತ್ತಿ ಒಗದೆ. ಮೋಸ ಆಗೇತಿ ಅಂತ ತಿಳಿದು ಮಾಡಿದ್ರ ಒಂದು, ಆಗಿಲ್ಲ ಅಂತ ತಿಳಿದೂ ಮಾಡಿದಿಯಲ್ಲ! ನಾಕು ತಿಂಗಳಾತು, ಈಗ ಸಿಟ್ಟು ಇಳದೈತಿ. ಅದಕ್ಕ ಬರೀತೇನಿ.

ಹೌದು, ಹೆಪ್ಪು ಹಾಕ್ತೇವಿ. ನಿನ್ನ ಮೊದಲನೇ ಪತ್ರಕ್ಕ ಬರೀಬೇಕಿತ್ತು, ಬರೀಲಿಲ್ಲ. ಬಾನಿ ತಳದ ಗಸಿ ಒಂದು ಗಡಿಗಿ ಉಳಿಸಿಕೊಂಡು ಹೊಸದಕ್ಕ ಹಾಕೂದು, ನಮ್ಮತ್ತಿಯ ಅತ್ತಿ ಕಾಲದಿಂದ ನಡದದ್ದು. ನಮ್ಮದು ಸತ್ರ ಬ್ಯಾರೆ ನೀಲಗಾರರ ಮನಿ ಬಾಗಿಲಿಗೆ ಖಾಲಿ ಗಡಿಗಿ ಇಟ್ಟು, ಮಾತಾಡಲಾರದ ತಿರುಗಿ ಬರಬೇಕು. ಅವರು ತುಂಬಿಡ್ತಾರ. ಯಾರ ಮನೀದು ಅಂತ ಬಾಯಿ ಬಿಟ್ರ ಎರಡೂ ಬಾನಿ ಸಾಯ್ತಾವ ಅಂತ ನಂಬಿಕಿ. ಹೆಪ್ಪಿನ ಮಾತ ಹೊರಗಿನವರ ಮುಂದ ಆಡಬಾರದು. ನಾ ಅದಕ್ಕ ಪುಣೆ ನೀರಿನ ಮ್ಯಾಲ ಹಾಕಿ ಸುಳ್ಳು ಹೇಳಿದೆ. ನೀ ಎರಡು ಚಮಚದ ಸುದ್ದಿ ಬರದಾಗ ನನಗ ಅಲ್ಲೇ ತಿಳೀತು, ಎಬ್ಬಿಸಿದ್ದು ಬೀಜ ಅಲ್ಲ, ಹೆಪ್ಪು ಅಂತ. ಆದ್ರೂ ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು.

ಎಪ್ಪತ್ತೊಂಬತ್ತರಾಗ ನಾ ಗಡಿಗಿ ಇಟ್ಟ ಮನ್ಯಾಗ ಹೈಡ್ರೋಸ್ ಹಾಕ್ತಿದ್ದರು. ನನಗ ಗೊತ್ತಿರಲಿಲ್ಲ. ನಿನ್ನ ಸಿಟ್ಟಿನ ಪತ್ರ ಬಂದ ಮ್ಯಾಲ ಹೋಗಿ ಆ ಮನಿಯಾಕಿನ ಕೇಳಿದೆ, ಆಕಿ ಅತ್ತು ಒಪ್ಪಿಕೊಂಡಳು. ನನ್ನ ನೂಲು ಗಾಡಿ ಹತ್ತಿದ ದಿನ ಆಕಿ ತನ್ನ ಕಟ್ಟಿ ಮ್ಯಾಲ ನಿಂತು ನೋಡಿದಳು. ಆಮ್ಯಾಲ ಒಳಗ ಹೋಗಿ ಬಾಗಿಲಾ ಹಾಕ್ಕೊಂಡಳು. ಆಕಿ ಹೆಸರು ನಾ ಬರದಿಲ್ಲ, ಬರಿಯೂದೂ ಇಲ್ಲ.

ನಿನ್ನ ಪತ್ರ ಬಂದ ಮ್ಯಾಲ ಗುಡೂರಿಗೆ ಹೋದೆ. ಅಲ್ಲೊಬ್ಬ ಮುದುಕಿ ಮನ್ಯಾಗ ಹಳೇ ಪದ್ಧತಿ ಬಾನಿ ಇನ್ನೂ ಐತಿ. ಎದುರಿಗೆ ಕುಂತು, ಬಾಯಿ ಬಿಟ್ಟು, “ಹೆಪ್ಪು ಕೊಡ್ರಿ” ಅಂತ ಕೇಳಿದೆ. ಆಕಿ ಹೆದರಿದಳು, ಆದ್ರೂ ಕೊಟ್ಟಳು. ಆಕಿ ಬಾನಿ ಇವತ್ತಿಗೂ ಸತ್ತಿಲ್ಲ.

ನಾಕು ಮಣ್ಣಿನ ಹರವಿ ಇಟ್ಟೆ. ನಾಕರಾಗೂ ಅಷ್ಟ ನೀಲಿ, ಅಷ್ಟ ಸುಣ್ಣ, ಅಷ್ಟ ಬೂದಿ, ಅಷ್ಟ ಬೆಲ್ಲ. ಒಂದನೇದರಾಗ ಬೀಜಿಲ್ಲ, ಹೆಪ್ಪಿಲ್ಲ. ಎರಡನೇದರಾಗ ಬೀಜ ಅಷ್ಟ. ಮೂರನೇದರಾಗ ಹೆಪ್ಪು ಅಷ್ಟ. ನಾಕನೇದರಾಗ ಎರಡೂ. ಹದಿನೈದು ದಿನ ಮುಂಜಾನಿ ಸಂಜಿ ನೋಡಿ ವಹ್ಯಾಗ ಬರದೆ. ಒಂದೂ ಎರಡೂ ಏಳಲೇ ಇಲ್ಲ. ಮೂರನೇದು ಎಂಟನೇ ದಿನ ಎದ್ದಿತು. ನಾಕನೇದು ಮೂರನೇ ದಿನಕ್ಕ ಎದ್ದು ಕುಂತಿತು! ಮೂರು ಸಲ ಮಾಡಿದೆ, ಒಂದೆರಡು ದಿನ ಆಚೀಚಿ, ಮೂರು ಸಲಾನೂ ಹಿಂಗ. ಹೆಪ್ಪು ಹಡಿಯಾಕಿ, ನಿನ್ನ ಹಳದಿ ಹರಳು ಸೂಲಗಿತ್ತಿ. ಆಕಿ ಇದ್ರ ಹೆರಿಗಿ ಲಗೂ ಆಗತೈತಿ, ಆಕಿ ತಾನ ಹಡಿಯೂದಿಲ್ಲ. ನಿನ್ನ ಡಾಕ್ಟರೇಟ್ ಇದರಾಗಿತ್ತು, ಇಂದ್ರಿ. ಹೆಪ್ಪಿನ ಮಾತು ನಾ ಮೊದಲ ಹೇಳಿದ್ರ, ಎರಡು ಚಮಚದ ಮಾತು ನೀ ಅವತ್ತ ಬರದಿದ್ರ, ಇಬ್ಬರಿಗೂ ಸಿಗತಿತ್ತು.

ಈ ಲೆಕ್ಕಾ ಎಲ್ಲಾ ಎರಡು ಪ್ರತಿ ಮಾಡೇನಿ. ಒಂದು ಪಾಂಡಪ್ಪನವರ ಕೈಯಾಗ ಕೊಟ್ಟೆ. ಇನ್ನೊಂದು ರಾಚಯ್ಯ ಮಾಸ್ತರ ಕಡೆಯಿಂದ ಇಂಗ್ಲಿಷಿನ್ಯಾಗ ಬರೆಸಿ ಪುಣೇಕ, ನಿನ್ನ ಗೈಡ್ ಸರಗ ಕಳಿಸೇನಿ. ಹೆಪ್ಪಿನ ಮಾತು ಮುಚ್ಚಿಟ್ಟಾಕಿ ನಾನು ಅಂತ ಮೊದಲನೇ ಸಾಲಿನ್ಯಾಗ ಐತಿ. ಎರಡು ಚಮಚದ್ದು, ಎಂಟು ಬಾಟಲಿದ್ದು ನಾ ಬರದಿಲ್ಲ. ಅವು ನಿನ್ನವು. ನಿನ್ನ ಪತ್ರ ಸುಡು ಅಂದಿದ್ದಿ, ಒಲ್ಯಾಗ ಹಾಕಿ ಸುಟ್ಟೆ. ಹಿಂಗಾಗಿ ಆ ಮಾತು ಬರೀಬೇಕಂದ್ರ ಇನ್ನ ನೀನ ಬರೀಬೇಕು, ಮತ್ತ ಅದ ವಾರಪತ್ರಿಕಿಯಾಗ, ಕನ್ನಡದಾಗ. ನಮ್ಮತ್ತಿ ಹೆಸರು ತಿರುಗಿ ಬರೂದು ಅಲ್ಲಿಂದ ಅಷ್ಟ.

ಹೆಪ್ಪು ಕೇಳಿದ್ದಿ. ಬಾಟಲಿ ತುಂಬಿ, ಬೂಚು ಬಡದು, ಮೇಣ ಹಚ್ಚಿ ಸೋಮವಾರ ಟಪಾಲಿಗೆ ಹಾಕಿ ಬಂದೆ. ನಿನ್ನ ಸರಗ.

ಗುರುಲಿಂಗವ್ವ